ಹುಳು ಮನೆ ಅಟ್ಟದ ಗಿಟಾರ್

ಜಂಗಮಕೋಟೆ
24 ಜುಲೈ 2024

ಗೌರಿಬಿದನೂರಿನ ಯಾಮಿನಿಗೆ,

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಚನ್ನಕೇಶವನ ತಾಯಿ, ಶ್ಯಾಮಲಮ್ಮ. ನೀನು ಅವನ ಹೆಸರಿಗೆ ಕಳಿಸಿದ ಪೊಟ್ಟಣ ಬಂದಿದೆ. ಅದನ್ನು ಅವನಿಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಬಿಚ್ಚಿ ನೋಡಿದೆ. ಗಿಟಾರಿನ ತಂತಿಗಳು. ಅದರಲ್ಲಿ ಒಂದಕ್ಕೆ ಎಮ್ಮೆ ಕಟ್ಟಬಹುದು, ಅಷ್ಟು ದಪ್ಪ. ಕವರಿನ ಮೇಲೆ ನಿನ್ನ ವಿಳಾಸ ಇತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಈ ಮುದುಕಿ ಅಂತ ನಗಬೇಡ. ನಮ್ಮ ಮನೆ ಚಿಕ್ಕದು. ನಾನು ಫೋನಿನಲ್ಲಿ ಮಾತಾಡಿದರೆ ಒಳಗೆ ಮಲಗಿರುವವನಿಗೆ ಎಲ್ಲ ಕೇಳುತ್ತದೆ. ಯುಗಾದಿ ಹೊತ್ತಿಗೆ ನಿಮ್ಮೂರಿನ ಕಾರ್ಖಾನೆ ಕೆಲಸ ಬಿಟ್ಟು ಬಂದ. ಬಂದವನು ಮಲಗಿದ. ಜ್ವರ ಇಲ್ಲ, ನೋವಿಲ್ಲ, ಕುಡಿತ ಇಲ್ಲ. ಗೋಡೆ ಕಡೆ ತಿರುಗಿಕೊಂಡಿರುತ್ತಾನೆ. ಮುದ್ದೆ ಇಟ್ಟರೆ ಎರಡು ತುತ್ತು ತಿನ್ನುತ್ತಾನೆ, ಇಡದಿದ್ದರೆ ಕೇಳುವುದಿಲ್ಲ. ಹೆತ್ತವಳಿಗೆ ಇದಕ್ಕಿಂತ ಬೇರೆ ಏನು ಬೇಕು ಹೆದರಲಿಕ್ಕೆ.

ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ. ಅವನು ನುಡಿಸುವ ಆ ಭೂತದ ಸಂಗೀತವೇ ಅವನನ್ನು ಹಿಡಿದಿರುವುದು, ಎದೆ ಮೇಲೆ ತಲೆಬುರುಡೆ ಬಟ್ಟೆ ಹಾಕಿಕೊಂಡರೆ ಇನ್ನೇನಾಗುತ್ತದೆ ಅಂತ. ನಾನೂ ನಂಬಿದ್ದೇನೆ. ನಂಬದೆ ಇನ್ನೇನು ಮಾಡಲಿ? ಬಟ್ಟೆಗಳನ್ನು ಹಸು ಒರೆಸಲು ಹಾಕಿದೆ. ಗಿಟಾರನ್ನು ಗೋಣಿಚೀಲದಲ್ಲಿ ಕಟ್ಟಿ, ಈ ಬೆಳೆಯ ಹುಳು ಬರುವ ಮೊದಲೇ ರೇಷ್ಮೆ ಹುಳು ಮನೆಯ ಅಟ್ಟಕ್ಕೆ ಹಾಕಿಸಿದೆ. ರೋಗ ತಗಲುತ್ತದೆ ಅಂತ ಹುಳು ಇರುವ ಮನೆಗೆ ಸುಮ್ಮನೆ ಯಾರೂ ಹೋಗುವಂತಿಲ್ಲ, ಅವನಿಗೂ ಗೊತ್ತು. ಅಲ್ಲಿ ಹುಡುಕುವುದಿಲ್ಲ. ನಿಜ ಹೇಳಬೇಕೆಂದರೆ, ಅವನು ಎಲ್ಲೂ ಹುಡುಕಲಿಲ್ಲ. ಎಲ್ಲಿಟ್ಟೆ ಅಂತ ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಇನ್ನು ಮೇಲೆ ಏನೂ ಕಳಿಸಬೇಡ. ನೀನು ಅವನಿಗೆ ಏನಾಗಬೇಕೋ ನನಗೆ ಗೊತ್ತಿಲ್ಲ, ಕೇಳುವ ಶಕ್ತಿಯೂ ಇಲ್ಲ. ಉತ್ತರ ಬರೆಯಲೇಬೇಕು ಅಂದರೆ ನಮ್ಮೂರ ಹಾಲಿನ ಡೈರಿ ಮಂಗಮ್ಮನ ಹೆಸರಿಗೆ ಬರಿ. ನಾನು ಎರಡು ಹೊತ್ತೂ ಹಾಲು ಹಾಕಲು ಹೋಗುತ್ತೇನೆ.

ಶ್ಯಾಮಲಮ್ಮ


ಗೌರಿಬಿದನೂರು
29 ಜುಲೈ 2024

ಶ್ಯಾಮಲಮ್ಮನವರಿಗೆ ಯಾಮಿನಿಯ ನಮಸ್ಕಾರಗಳು.

ನಿಮ್ಮ ಕಾಗದವನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಓದಿದೆ. ನಾನು ಇಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಓದುತ್ತಾ ಅಳು ಬಂತು. ಪಕ್ಕದ ಮೇಡಂ ಯಾಕೆ ಅಂದರು, ನೆಗಡಿ ಅಂದೆ.

ಕೇಶವ ಮಲಗಿದ್ದಾನೆ ಅಂತ ನನಗೆ ಗೊತ್ತಿರಲಿಲ್ಲಮ್ಮ. ಫೋನ್ ತೆಗೆಯುವುದಿಲ್ಲ, ಮುನಿಸು ಅಂದುಕೊಂಡಿದ್ದೆ. ನಾವು ಮೂರು ಜನ ಇದ್ದೆವು. ಗಿಟಾರಿಗೆ ಕೇಶವ, ಡ್ರಮ್ಸಿಗೆ ಚಿಂತಾಮಣಿಯ ಕನಕರಾಜ್, ಮತ್ತೆ ನಾನು. ಮಂಚೇನಹಳ್ಳಿ ಹತ್ತಿರ ಒಂದು ಖಾಲಿ ಕೋಳಿ ಫಾರಂ ಶೆಡ್ಡು ಸಿಕ್ಕಿತ್ತು. ಭಾನುವಾರ ಅಲ್ಲಿ ಸೇರುತ್ತಿದ್ದೆವು. ಕೋಳಿ ವಾಸನೆ ನಮ್ಮ ಬಟ್ಟೆಯಿಂದ ಬುಧವಾರದವರೆಗೂ ಹೋಗುತ್ತಿರಲಿಲ್ಲ. ಆಮೇಲೆ ಕನಕರಾಜ್ ಮದುವೆ ಆರ್ಕೆಸ್ಟ್ರಾಗೆ ಹೋದ. ಅವನ ತಪ್ಪಲ್ಲ, ಅಲ್ಲಿ ಊಟ, ಬಾಡಿಗೆ ಕಾರು ಎಲ್ಲ ಇದೆ. ನಮ್ಮದಕ್ಕೆ ಯಾರು ಕರೆಯುತ್ತಾರೆ?

ನೀವು ಭೂತದ ಸಂಗೀತ ಅಂದಿರಿ. ನನಗೆ ಕೋಪ ಬರಲಿಲ್ಲ. ಕೇಳಿದರೆ ಹಾಗೇ ಅನಿಸುತ್ತದೆ, ಹಾಗನಿಸಬೇಕು ಅಂತಲೇ ಮಾಡುವುದು. ಆದರೆ ಒಂದು ವಿಷಯ ನಿಮಗೆ ಗೊತ್ತಿರಲಿ. ಕತ್ತಲೆ ಮೊದಲು ಬಂತು, ಹಾಡು ಆಮೇಲೆ ಬಂತು. ಕಾರ್ಖಾನೆಯಲ್ಲಿದ್ದಾಗಲೇ ಅವನಿಗೆ ವಾರಗಟ್ಟಲೆ ಮಾತು ನಿಲ್ಲುತ್ತಿತ್ತು. ಹೊಸ ಹಾಡು ಕಟ್ಟುತ್ತಿದ್ದ ದಿನಗಳಲ್ಲಿ ಮಾತ್ರ ನಗುತ್ತಿದ್ದ, ಬಿರಿಯಾನಿ ಕೊಡಿಸು ಅಂತ ಜಗಳ ಆಡುತ್ತಿದ್ದ. ಹಾಡು ಅವನನ್ನು ಹಿಡಿದಿರಲಿಲ್ಲ. ಅವನು ಹಾಡನ್ನು ಹಿಡಿದುಕೊಂಡಿದ್ದ.

ಮಂಗಮ್ಮನವರ ಫೋನ್ ನಂಬರ್ ಕೊಟ್ಟರೆ ಒಂದು ಹಾಡು ಕಳಿಸುತ್ತೇನೆ. ಒಂದೇ ಒಂದು ಸಲ ಕೇಳಿ. ಕೇಳಿದ ಮೇಲೂ ತಂತಿ ಕೊಡಬಾರದು ಅನಿಸಿದರೆ ನಾನು ಮತ್ತೆ ಬರೆಯುವುದಿಲ್ಲ.

ನಾನು ಅವನಿಗೆ ಏನಾಗಬೇಕು ಅಂತ ಕೇಳುವ ಶಕ್ತಿ ಇಲ್ಲ ಅಂದಿರಿ. ಏನೂ ಆಗಬೇಕಿಲ್ಲಮ್ಮ. ಅವನು ಕಟ್ಟಿದ ಹಾಡಿಗೆ ನಾನು ಗಂಟಲು. ಇದಕ್ಕೆ ನಮ್ಮ ಕಡೆ ಒಂದು ನೆಂಟಸ್ತನದ ಹೆಸರಿಲ್ಲ.

ನಿಮ್ಮ,
ಯಾಮಿನಿ


ಜಂಗಮಕೋಟೆ
7 ಆಗಸ್ಟ್ 2024

ಯಾಮಿನಿಗೆ,

ಮಂಗಮ್ಮನ ನಂಬರನ್ನು ಒಂದು ಕಾರ್ಡಿನಲ್ಲಿ ಬರೆದು ಹಾಕಿದ್ದೆ, ಸಿಕ್ಕಿದ ಕೂಡಲೇ ನೀನು ಹಾಡು ಕಳಿಸಿಬಿಟ್ಟೆ. ಭಲೇ ಆತುರ ನಿನಗೆ.

ಮೊದಲು ಮನೆ ಸುದ್ದಿ. ಕೇಶವನನ್ನು ಒಬ್ಬ ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಿಕೊಂಡು ಬಂದೆವು. ಆ ಮಹಾನುಭಾವ ಇವನ ಮುಖಕ್ಕೆ ನಿಂಬೆಹಣ್ಣು ನಿವಾಳಿಸಿ, ಯಾವುದೋ ಹೆಣ್ಣಿನ ನೆರಳು ಅಂದ. ನನಗೆ ನಿನ್ನ ನೆನಪಾಯಿತು, ಸುಳ್ಳು ಯಾಕೆ ಹೇಳಲಿ. ಬಸ್ಸಿನಲ್ಲಿ ಬರುವಾಗ ಕೇಶವ ಕಿಟಕಿಗೆ ತಲೆ ಕೊಟ್ಟು ಕೂತಿದ್ದ. ಬಸ್ಸು ಕುಲುಕಿದಾಗಲೆಲ್ಲ ತಲೆ ಗಾಜಿಗೆ ಬಡಿಯುತ್ತಿತ್ತು, ತೆಗೆಯಲಿಲ್ಲ. ಕೊನೆಗೆ ನನ್ನ ಕೈಯನ್ನೇ ಮಧ್ಯೆ ಇಟ್ಟುಕೊಂಡು ಬಂದೆ.

ಈಗ ನಿನ್ನ ಹಾಡು. ಬೆಳಿಗ್ಗೆ ಹಾಲಿನವರೆಲ್ಲ ಹೋದ ಮೇಲೆ ಡೈರಿಯಲ್ಲಿ ಕೂತು ಕೇಳಿದೆವು. ಮೊದಲು ಗಾಣ ತಿರುಗಿದ ಹಾಗೆ ಒಂದೇ ಭಾರ. ಆಮೇಲೆ ಒಬ್ಬ ರಾಕ್ಷಸ ಬಂದ. ಮಂಗಮ್ಮ ಫೋನ್ ಆರಿಸಿಬಿಟ್ಟಳು. "ಅಕ್ಕಯ್ಯ, ಇದನ್ನ ಇಲ್ಲಿ ಹಾಕಿದ್ರೆ ಕ್ಯಾನಲ್ಲಿರೋ ಹಾಲೆಲ್ಲ ಒಡೆದೋಗುತ್ತೆ," ಅಂದಳು. ನಾನೇ ಬಲವಂತ ಮಾಡಿ ಮತ್ತೆ ಹಾಕಿಸಿದೆ.

ಮಧ್ಯದಲ್ಲಿ ರಾಕ್ಷಸ ಸುಮ್ಮನಾಗಿ ಗಿಟಾರ್ ಒಂದೇ ಉಳಿಯುತ್ತದಲ್ಲ, ಅದು ನನ್ನ ಮಗನೇ ಅಲ್ಲವೇ? ಎಳೆ ಮಗು ಇನ್ನೇನು ಮಲಗಿತು ಅನ್ನುವಷ್ಟರಲ್ಲಿ ಕಣ್ಣು ಬಿಡುತ್ತದೆ ನೋಡು, ಹಾಗೆ. ಸ್ವರ ಕೂರಬೇಕಾದ ಜಾಗದಲ್ಲಿ ಕೂರುವುದಿಲ್ಲ, ಅದರ ಪಕ್ಕದಲ್ಲಿ ನಿಂತುಬಿಡುತ್ತದೆ. ಕೆಟ್ಟದ್ದು ಅನ್ನಲೂ ಆಗಲಿಲ್ಲ, ಒಳ್ಳೆಯದು ಅನ್ನಲೂ ಆಗಲಿಲ್ಲ. ನಮ್ಮ ಯಜಮಾನರು ಬಯ್ಯಪ್ಪನವರು ಭಜನೆ ತಂಡದವರು. ಸುತ್ತ ಯಾವ ಊರಿನಲ್ಲಿ ಸಾವಾದರೂ ಹಾರ್ಮೋನಿಯಂ ಹೊತ್ತುಕೊಂಡು ಹೋಗಿ, ಹೆಣ ಎತ್ತುವವರೆಗೂ ತೆಲುಗು ತತ್ವಪದ ಹಾಡುತ್ತಾರೆ. ಅವರ ತಾಳ ಕೇಳಿ ಕೇಳಿ ನನ್ನ ಕೈಗೂ ಬಂದಿದೆ. ನಿಮ್ಮ ಹಾಡಿಗೆ ತೊಡೆ ತಟ್ಟಿ ನೋಡಿದೆ. ಮೂರು, ನಾಲ್ಕು. ಏಳು ಬರುತ್ತದೆ. ಅವರದ್ದೇ ತಾಳ. ಅಪ್ಪ ಕೂಡಿಸಿದ್ದನ್ನೇ ಮಗ ಎಬ್ಬಿಸಿದ್ದಾನೆ.

ಅದಿರಲಿ. ಆ ರಾಕ್ಷಸ ಯಾರು? ಎಂಥ ಮನೆಯಲ್ಲಿ ಹುಟ್ಟಿದ ಮನುಷ್ಯ ಅವನು? ನನ್ನ ಮಗ ಅವನ ಸಹವಾಸದಿಂದಲೇ ಹೀಗಾಗಿದ್ದಾನೆ ಅಂತ ನನಗೆ ಬಲವಾಗಿ ಅನಿಸುತ್ತಿದೆ. ಅವನ ವಿಳಾಸ ಕೊಡು. ಅವನಿಗೂ ಒಂದು ಕಾಗದ ಬರೆಯಬೇಕು.

ಶ್ಯಾಮಲಮ್ಮ


ಗೌರಿಬಿದನೂರು
12 ಆಗಸ್ಟ್ 2024

ಅಮ್ಮಾ,

ರಾಕ್ಷಸನ ವಿಳಾಸ ನಿಮ್ಮ ಹತ್ತಿರ ಆಗಲೇ ಇದೆ. ಅದು ನಾನೇ.

ನಂಬುವುದು ಕಷ್ಟ, ನನಗೆ ಗೊತ್ತು. ಆ ದನಿ ಗಂಟಲಿನಿಂದ ಬರುವುದಿಲ್ಲ, ಹೊಟ್ಟೆಯಿಂದ ಉಸಿರು ತಳ್ಳಿ ತೆಗೆಯಬೇಕು, ಇಲ್ಲದಿದ್ದರೆ ಮಾರನೆಯ ದಿನ ಮಕ್ಕಳಿಗೆ ಪದ್ಯ ಹೇಳಿಕೊಡಲು ದನಿಯೇ ಇರುವುದಿಲ್ಲ. ಮನೆಯಲ್ಲಿ ಹೇಳಿಲ್ಲ. ಹೋದ ತಿಂಗಳು ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗಿ ಹಾಡ್ತಾಳಾ ಅಂದರು. ಹೂಂ ಅಂತ ಒಂದು ದೇವರನಾಮ ಹಾಡಿದೆ. ಎಷ್ಟು ಇಂಪು ಅಂದರು.

ಆ ಹಾಡಿನ ಮಾತು ನಿಮಗೆ ತಿಳಿದಿರುವುದಿಲ್ಲ. ಕೇಶವನೇ ಬರೆದದ್ದು, ಕನ್ನಡದ್ದೇ. ಒಂದು ಮನೆ, ದೀಪ ಇಲ್ಲ. ಒಳಗಿರುವವನಿಗೆ ಯಾರೋ ಬಾಗಿಲು ತಟ್ಟುವುದು ಕೇಳುತ್ತದೆ. ಯಾರು ಯಾರು ಅಂತ ಕೂಗಿ ಕೂಗಿ ಸುಸ್ತಾಗುತ್ತಾನೆ. ಕೊನೆಯ ಸಾಲು ಹೀಗಿದೆ: "ತಟ್ಟುತ್ತಿದ್ದವನು ನಾನೇ, ಒಳಗಿನಿಂದ."

ನೀವು ಕೂರುವ ಜಾಗದಲ್ಲಿ ಕೂರುವುದಿಲ್ಲ ಅಂದಿರಲ್ಲ, ಅದು ಸರಿಯಾದ ಮಾತು. ಹಾರ್ಮೋನಿಯಂನಲ್ಲಿ ಸ ಹಿಡಿದು, ಪ ಮುಟ್ಟುವ ಮೊದಲು ಅದರ ಕೆಳಗಿನ ಕಪ್ಪು ಮನೆಯಲ್ಲೋ ಬಿಳಿ ಮನೆಯಲ್ಲೋ ನಿಲ್ಲಿಸಿಬಿಡಿ ಅಂತ ಕೇಶವನ ಅಪ್ಪನವರಿಗೆ ಹೇಳಿ. ಅವರಿಗೂ ಕಸಿವಿಸಿ ಆಗುತ್ತದೆ. ನಮ್ಮ ಮೆಟಲ್ ಸಂಗೀತದವರು ಆ ಕಸಿವಿಸಿಯಲ್ಲೇ ಮನೆ ಮಾಡಿಕೊಂಡಿರುತ್ತಾರೆ. ತಂತಿಗಳನ್ನು ಎಷ್ಟು ಇಳಿಸಿ ಕಟ್ಟುತ್ತೇವೆಂದರೆ ತೆಳ್ಳನೆಯದು ಸಡಿಲವಾಗಿ ಬಡಬಡ ಅನ್ನುತ್ತದೆ, ಅದಕ್ಕೇ ಎಮ್ಮೆ ಕಟ್ಟುವಂಥ ತಂತಿ ಬೇಕು. ಹೆದರಿಸುವುದಕ್ಕಲ್ಲಮ್ಮ. ಹೆದರಿಕೆ ಒಳಗಿದ್ದರೆ ಅದಕ್ಕೆ ಆಕಾರ ಇಲ್ಲ. ಹಾಡು ಮಾಡಿ ಹೊರಗಿಟ್ಟರೆ ಅಷ್ಟು ಹೊತ್ತು ಅದು ಎದುರಿಗೆ ಕೂತಿರುತ್ತದೆ, ನೋಡಬಹುದು. ಅಷ್ಟೆ. ಗುಣ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ.

ಗುಣ ಮಾಡುವವರು ಡಾಕ್ಟರು. ಇದು ಕಾಯಿಲೆ, ಇದಕ್ಕೆ ಮಾತ್ರೆ ಇದೆ. ಚಿಕ್ಕಬಳ್ಳಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಸಿಗುತ್ತಾರೆ, ಕರೆದುಕೊಂಡು ಹೋಗಿ. ಅದಕ್ಕೂ ಮೊದಲು ಒಂದು ಮಾತು ಅವನನ್ನು ನೇರವಾಗಿ ಕೇಳಿಬಿಡಿ. ಸಾಯಬೇಕು ಅನಿಸುತ್ತಾ ಅಂತ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಹೆದರಬೇಡಿ, ಹಾಗೆ ಹುಟ್ಟುವುದಿಲ್ಲ. ನಾನೇ ಬಂದು ಕೇಳಬಹುದಿತ್ತು. ಆದರೆ ಹೆಣ್ಣಿನ ನೆರಳು ಮನೆಗೇ ಬಂತು ಅಂತ ನಿಮ್ಮ ಊರು ಮಾತಾಡುತ್ತದೆ, ಅದರ ಭಾರವೂ ಅವನ ಮೇಲೆ ಬೀಳುವುದು ಬೇಡ.

ಇಂತಿ ರಾಕ್ಷಸ,
ಯಾಮಿನಿ


ಜಂಗಮಕೋಟೆ
28 ಆಗಸ್ಟ್ 2024

ಯಾಮಿನಮ್ಮ,

ತಡವಾಯಿತು. ಹುಳು ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದ ಮೇಲೆ ನಮಗೆ ಉಣ್ಣಲೂ ಬಿಡುವಿಲ್ಲ. ಹೊತ್ತು ಹೊತ್ತಿಗೂ ಸೊಪ್ಪು ತಂದು ಸುರಿಯಬೇಕು, ಮಳೆ ಬಂದಂತೆ ಸದ್ದು ಮಾಡಿಕೊಂಡು ತಿನ್ನುತ್ತವೆ. ಡೈರಿಗೆ ಯಜಮಾನರೇ ಹೋಗುತ್ತಿದ್ದರು. ನಿನ್ನ ಕಾಗದ ಮಂಗಮ್ಮನ ಹತ್ತಿರವೇ ಬಿದ್ದಿತ್ತು. ಹೋದ ವಾರ ಗೂಡು ಬಿಡಿಸಿ ಶಿಡ್ಲಘಟ್ಟ ಮಾರುಕಟ್ಟೆಗೆ ಹಾಕಿ ಬಂದ ಮೇಲೆಯೇ ಓದಿದ್ದು.

ನೀನೇ ಆ ರಾಕ್ಷಸ ಅಂತ ಓದಿ, ಡೈರಿ ಕಟ್ಟೆ ಮೇಲೆ ಕೂತು ಎಷ್ಟೋ ದಿನದ ಮೇಲೆ ನಕ್ಕೆ. ಮಂಗಮ್ಮನಿಗೆ ಹೇಳಿದೆ. ಅವಳು ಆ ಮಗಳಿಗೆ ಮದುವೆ ಆದ ಹಾಗೇ ಅಂದಳು.

ಕೇಶವನನ್ನು ಕೇಳಿದೆ. ಕೇಳಲು ಎರಡು ದಿನ ಬಾಗಿಲ ತನಕ ಹೋಗಿ ವಾಪಸ್ ಬಂದೆ. ಮೂರನೇ ಸಲ ತಲೆಗೆ ಎಣ್ಣೆ ಹಚ್ಚುವ ನೆಪದಲ್ಲಿ ಹಿಂದೆ ಕೂತು ಕೇಳಿಬಿಟ್ಟೆ, ಮುಖ ನೋಡಿಕೊಂಡು ಕೇಳಲು ನನ್ನಿಂದ ಆಗುತ್ತಿರಲಿಲ್ಲ. ಗೋಡೆ ನೋಡಿಕೊಂಡೇ ಅಂದ:

"ಸಾಯ್ಬೇಕು ಅನ್ಸಲ್ಲಮ್ಮ. ಬದುಕ್ಬೇಕು ಅಂತಾನೂ ಅನ್ಸಲ್ಲ. ಎರಡಕ್ಕೂ ಶಕ್ತಿ ಇಲ್ಲ."

ಎಣ್ಣೆ ಕಿವಿ ಮೇಲೆ ಇಳಿಯುತ್ತಿತ್ತು, ಸೆರಗಿನಲ್ಲಿ ಒರೆಸಿದೆ. ನನಗೂ ಇಲ್ಲ ಕಣಪ್ಪ ಶಕ್ತಿ, ಆದರೂ ಹೋಗಣ ಬಾ ಅಂದೆ. ಚಿಕ್ಕಬಳ್ಳಾಪುರಕ್ಕೆ ಹೋದೆವು. ಡಾಕ್ಟರು ಚಿಕ್ಕ ಹೆಣ್ಣುಮಗಳು, ಅವನ ಹತ್ತಿರ ಒಬ್ಬಳೇ ಮಾತಾಡಿದಳು. ಮಾತ್ರೆ ಕೊಟ್ಟಿದ್ದಾಳೆ. ಕೆಲಸ ಮಾಡಲು ವಾರಗಳು ಹಿಡಿಯುತ್ತವೆ, ನಡುವೆ ನಿಲ್ಲಿಸಬೇಡಿ ಅಂದಳು. ಈಗ ನಿದ್ದೆ ಮಾಡುತ್ತಾನೆ, ಹಗಲೂ ನಿದ್ದೆ. ಯಜಮಾನರು ಏಮಿ ಕರ್ಮಮೋ, ಏನು ಕರ್ಮವೋ ಅಂತ ಜಗಲಿ ಮೇಲೆ ಕೂರುತ್ತಾರೆ. ನಾನು ಅವರಿಗೆ ಅಂದೆ, ಹುಳು ಜ್ವರಕ್ಕೆ ಕೂತಾಗ ಏನು ಮಾಡ್ತೀರಿ? ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತವೆ, ಸೊಪ್ಪು ಮುಟ್ಟುವುದಿಲ್ಲ. ಆಗ ಸೊಪ್ಪು ಹಾಕ್ತೀರಾ, ಎಬ್ಬಿಸ್ತೀರಾ? ಗಾಳಿ ಬಿಟ್ಟು ಸುಮ್ಮನೆ ಇರುತ್ತೀರಿ ತಾನೇ? ಹುಳುವಿನ ಜ್ವರಕ್ಕೆ ಒಂದು ದಿನದ ಲೆಕ್ಕ ಇದೆ, ಇವನದ್ದಕ್ಕೆ ಇಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ತಂತಿ ವಿಷಯ. ಹಾಡು ಕೇಳಿದಾಗಿನಿಂದ ಯೋಚನೆ ಮಾಡುತ್ತಿದ್ದೇನೆ. ಮಾತ್ರೆ ಸ್ವಲ್ಪ ಹಿಡಿಯಲಿ, ಆಮೇಲೆ ಗಿಟಾರ್ ಇಳಿಸಿ ಕೊಡುತ್ತೇನೆ. ನಾಳೆ ಹುಳು ಮನೆ ತೊಳೆದು ಔಷಧಿ ಹೊಡೆಸಬೇಕು, ಮುಂದಿನ ಬೆಳೆಗೆ. ಆ ಕೆಲಸ ಮುಗಿದರೆ ಸಾಕಾಗಿದೆ ನನಗೆ.

ಆಶೀರ್ವಾದಗಳೊಂದಿಗೆ,
ಶ್ಯಾಮಲಮ್ಮ


ಗೌರಿಬಿದನೂರು
2 ಸೆಪ್ಟೆಂಬರ್ 2024

ಅಮ್ಮಾ,

ನಿಮ್ಮ ಕಾಗದ ಇವತ್ತು ಮಧ್ಯಾಹ್ನ ಸಿಕ್ಕಿತು. ಡಾಕ್ಟರ ಹತ್ತಿರ ಹೋದಿರಿ ಅಂತ ಓದಿ ನೆಮ್ಮದಿ ಆಗುವಷ್ಟರಲ್ಲಿ ಕೊನೆ ಸಾಲು ಓದಿದೆ. ಔಷಧಿ ಅಂದರೆ ಬ್ಲೀಚಿಂಗ್ ಪುಡಿ ಅಲ್ಲವೇ? ನಮ್ಮ ಚಿಕ್ಕಮ್ಮನ ಮನೆಯಲ್ಲೂ ಹುಳು ಮೇಯಿಸುತ್ತಾರೆ, ಹೊಡೆದ ಮೇಲೆ ಬಾಗಿಲ ಚಿಲಕಕ್ಕೂ ತುಕ್ಕು ಹಿಡಿಯುತ್ತದೆ. ಗಿಟಾರ್ ಅಟ್ಟದಲ್ಲೇ ಇದೆಯೇ? ಹೊಡೆಸುವ ಮೊದಲು ಇಳಿಸಿದಿರಿ ತಾನೇ?

ಮಂಗಮ್ಮನವರಿಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಇಳಿಸಿದ್ದೇನೆ ಅಂತ ಒಂದು ಸಾಲು ಬರೆಯಿರಿ.

ಯಾಮಿನಿ


ಜಂಗಮಕೋಟೆ
10 ಸೆಪ್ಟೆಂಬರ್ 2024

ಯಾಮಿನಮ್ಮ,

ಇಳಿಸಿರಲಿಲ್ಲ ಕಣಮ್ಮ.

ನನ್ನ ಬುದ್ಧಿಗೆ ಅದು ಹೊಳೆಯಲೇ ಇಲ್ಲ. ಆಯುಸ್ಸೆಲ್ಲ ಇದೇ ಕೆಲಸ. ಬೆಳೆ ಮುಗಿದರೆ ಬ್ಲೀಚಿಂಗ್ ಪುಡಿ, ಸುಣ್ಣ ಕಲಸುವುದು, ಗೋಡೆ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ, ಅಟ್ಟ ಒಂದೂ ಬಿಡದೆ ಪಂಪಿನಲ್ಲಿ ಹೊಡೆಸುವುದು, ಬಾಗಿಲು ಕಿಟಕಿ ಬಿಗಿದು ಹಾಕುವುದು. ಅಟ್ಟ ಮರೀಬೇಡ, ರೋಗ ಅಲ್ಲೇ ಕೂತಿರುತ್ತೆ ಅಂತ ಆಳಿಗೆ ಕೂಗಿ ಹೇಳಿದವಳೇ ನಾನು. ಗೋಣಿಚೀಲ ಪೂರ್ತಿ ನೆನೆದಿತ್ತು. ಒಂದು ವಾರ ಆ ಘಾಟಿನಲ್ಲಿ ಮುಚ್ಚಿಟ್ಟು, ನಿನ್ನ ಕಾಗದ ಬಂದ ಮೇಲೆ ಓಡಿ ಹೋಗಿ ಬಿಚ್ಚಿದೆ. ತಂತಿಯೆಲ್ಲ ಕೆಂಪಗೆ ತುಕ್ಕು. ಮುಟ್ಟಿದ್ದಕ್ಕೇ ಒಂದು ಪಟ್ ಅಂತ ಹೋಯಿತು. ನಡುವೆ ಬೆಳ್ಳಿ ಹಾಗೆ ಹೊಳೆಯುತ್ತಿದ್ದ ಬಿಲ್ಲೆಗಳ ಮೇಲೆ ಹಸಿರು ಹಿಟ್ಟು ಎದ್ದಿತ್ತು. ಕಪ್ಪು ಬಣ್ಣ ಅಲ್ಲಲ್ಲಿ ಬೆಳ್ಳಗೆ ಉಬ್ಬಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಸತ್ತವರಿಗೂ ಅಷ್ಟು ಅತ್ತಿಲ್ಲ.

ಯಜಮಾನರು, ಸದ್ದಿಲ್ಲದೆ ಸುಟ್ಟುಬಿಡು, ಅವನಿಗೆ ಹೇಳಬೇಡ, ಕಳ್ಳರು ಒಯ್ದರು ಅಂತ ಹೇಳೋಣ ಅಂದರು. ಅರ್ಧ ದಿನ ನನಗೂ ಅದೇ ಸರಿ ಅನಿಸಿತು. ಆಮೇಲೆ ಎಣ್ಣೆ ಹಚ್ಚುವಾಗ ಅವನು ಹೇಳಿದ್ದು ನೆನಪಾಯಿತು. ಅಂಥ ಮಾತನ್ನು ನನ್ನ ಹತ್ತಿರ ನಿಜ ನಿಜವಾಗಿ ಹೇಳಿದವನಿಗೆ ನಾನು ಸುಳ್ಳು ಹೇಳಲೇ? ಎತ್ತಿಕೊಂಡು ಹೋಗಿ ಹಾಸಿಗೆ ಪಕ್ಕ ಇಟ್ಟೆ. ನಾನೇ ಬಚ್ಚಿಟ್ಟಿದ್ದು, ನಾನೇ ಹಾಳು ಮಾಡಿದ್ದು ಅಂದೆ.

ಎದ್ದು ಕೂತ. ಲುಂಗಿ ಚುಂಗಿನಲ್ಲಿ ಆ ಹಸಿರನ್ನು ಉಜ್ಜಿದ, ಹೋಗಲಿಲ್ಲ. ಆಮೇಲೆ ನೋಡಮ್ಮ, ಶುರು ಮಾಡಿದ. ಏನಮ್ಮ ನಿನಗೆ ಬುದ್ಧಿ ಇದೆಯಾ, ಹುಳಕ್ಕೆ ಹೊಡೆಯೋ ಔಷಧಿ ಇದಕ್ಕೆ ಹೊಡಿಸ್ತೀಯಲ್ಲ, ನಾನು ಓವರ್‌ಟೈಮ್ ಮಾಡಿ ತಗೊಂಡಿದ್ದಮ್ಮ ಅಂತ. ದನಿ ಬೀದಿಗೆ ಕೇಳುತ್ತಿತ್ತು. ಎದುರು ಮನೆಯವರು ಇಣುಕಿದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ. ಬೈ ಮಗನೇ, ಇನ್ನೂ ಬೈ ಅನಿಸುತ್ತಿತ್ತು. ಯುಗಾದಿಯಿಂದ ಈಚೆಗೆ ನನ್ನ ಮಗನ ದನಿ ಆ ಎತ್ತರಕ್ಕೆ ಏರಿರಲಿಲ್ಲ.

ಆಮೇಲೆ ಸುಸ್ತಾಗಿ ಮಲಗಿಬಿಟ್ಟ. ಗಿಟಾರ್ ತಬ್ಬಿಕೊಂಡೇ ಗೋಡೆ ಕಡೆ ತಿರುಗಿದ. ನಾನು ನಿನ್ನ ಪೊಟ್ಟಣ ತಂದು ದಿಂಬಿನ ಪಕ್ಕ ಇಟ್ಟೆ. ಮುಟ್ಟಿಲ್ಲ ಇನ್ನೂ.

ನಾನು ಕೆಟ್ಟವಳೇ ಯಾಮಿನಿ? ನಿಜ ಹೇಳು.

ಶ್ಯಾಮಲಮ್ಮ


ಗೌರಿಬಿದನೂರು
17 ಸೆಪ್ಟೆಂಬರ್ 2024

ಅಮ್ಮಾ,

ಕೆಟ್ಟವರಲ್ಲ. ಸುಸ್ತಾದವರು. ನಾವೆಲ್ಲ ಅದೇ.

ಗಿಟಾರಿನ ಕರೆಂಟಿನ ಭಾಗ ಹೋಗಿರಬಹುದು. ಸ್ಪೀಕರಿಗೆ ಹಾಕಿದರೆ ದನಿ ಬರುವುದಿಲ್ಲ. ಆದರೆ ಮರ ಹಾಳಾಗಿರುವುದಿಲ್ಲ. ಹೊಸ ತಂತಿ ಹಾಕಿದರೆ ಸುಮ್ಮನೆ ಕೈಯಲ್ಲಿ ನುಡಿಸಬಹುದು, ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು. ಅಷ್ಟು ಸಾಕು ಅವನಿಗೆ. ತಾನಾಗಿ ತೆಗೆದುಕೊಳ್ಳುವವರೆಗೂ ನೀವು ಹಾಕು ಅನ್ನಬೇಡಿ. ಮಾತ್ರೆ ಮಾತ್ರ ಬಿಡಿಸಬೇಡಿ.

ನನ್ನದು ಬರೆಯುವಂಥದ್ದು ಏನೂ ಇಲ್ಲ. ಆ ಗಂಡಿನ ಕಡೆಯವರು ಒಪ್ಪಿದ್ದಾರೆ, ನಾನು ಇನ್ನೂ ಹೂಂ ಅಂದಿಲ್ಲ. ಮನೆಯಲ್ಲಿ ದಿನಾ ಅದೇ ಮಾತು. ಶಾಲೆಯಿಂದ ಬಂದು ಸ್ನಾನದ ಮನೆಯಲ್ಲಿ ನಲ್ಲಿ ಪೂರ್ತಿ ಬಿಟ್ಟುಕೊಂಡು ರಾಕ್ಷಸನ ದನಿ ತೆಗೆದು ನೋಡಿದೆ. ಕೆಮ್ಮು ಬಂತು. ಅಭ್ಯಾಸ ತಪ್ಪಿದೆ. ಕೇಶವನ ಹಾಡು ಇಲ್ಲದೆ ನಾನು ಯಾರಿಗೆ ಕೂಗಲಿ ಅನಿಸಿತು.

ನಿಮ್ಮ,
ಯಾಮಿನಿ


ಜಂಗಮಕೋಟೆ
1 ಡಿಸೆಂಬರ್ 2024

ಯಾಮಿನಮ್ಮ,

ಬರೆಯಲು ಸುದ್ದಿ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ. ಒಂದು ದಿನ ಎದ್ದು ಸ್ನಾನ ಮಾಡುತ್ತಿದ್ದ, ನಾಲ್ಕು ದಿನ ಮಾಡುತ್ತಿರಲಿಲ್ಲ. ಡಾಕ್ಟರಮ್ಮ ಮಾತ್ರೆ ಬದಲಾಯಿಸಿದಳು. ದೀಪಾವಳಿಗೆ ಒಂದು ಹೋಳಿಗೆ ತಿಂದ. ನಾನು ಇನ್ನೊಂದು ಹಾಕಲು ಹೋದೆ, ತಟ್ಟೆ ಸರಿಸಿದ. ಹೀಗೇ.

ಹೋದ ವಾರ ನಮ್ಮ ಬೀದಿಯ ಕೋನಪ್ಪ ತೀರಿಕೊಂಡರು, ದೊಡ್ಡ ವಯಸ್ಸು. ಬೆಳಗಿನ ಹೊತ್ತಿಗೇ ಭಜನೆ ತಂಡ ಬಂದು ಕೂತಿತು, ಮೈಕು ಕಟ್ಟಿದರು. ಯಜಮಾನರದ್ದೇ ಹಾರ್ಮೋನಿಯಂ. ನಿನಗೆ ತಿಳಿಯದ್ದೇನಿದೆ, ಆ ಪದಗಳಲ್ಲಿ ಇರುವುದು ಏನು? ಈ ಮೈ ಒಡೆದ ಮಡಕೆ, ನೆಂಟರು ಸ್ಮಶಾನದ ತನಕ, ಆಮೇಲೆ ನೀನೊಬ್ಬನೇ. ಇಷ್ಟು ವರ್ಷ ಕೇಳಿದ್ದೇನೆ, ಒಂದು ದಿನವೂ ಹೆದರಿಕೆ ಆಗಿಲ್ಲ. ಹೆಣದ ಮುಂದೆ ಕೂತು ಅಷ್ಟು ಕತ್ತಲೆ ಹಾಡುತ್ತಾರೆ, ಸತ್ತವರ ಮನೆಯವರು ಅದನ್ನು ಕೇಳಿಕೊಂಡೇ ಒಂದು ಲೋಟ ಕಾಫಿ ಕುಡಿಯುತ್ತಾರೆ, ಅಳು ನಿಲ್ಲಿಸುತ್ತಾರೆ. ಊಟಕ್ಕೆ ಬಂದಾಗ ಯಜಮಾನರಿಗೆ ಹೇಳಿದೆ. ಮಗನದ್ದು ಸಾವಿನ ಮನೆ ಸಂಗೀತ ಅಂತೀರಲ್ಲ, ನಿಮ್ಮದೇನು ಮದುವೆ ಮನೆಯದ್ದೇ? ಅನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿದರು. ನಮ್ದು ಹೆಣ ಇದ್ದಾಗ ಹಾಡೋದು, ಅವನು ಹೆಣ ಇಲ್ದೇ ಹಾಡ್ತಾನೆ ಅಂದರು. ಕೈ ತೊಳೆದು ಏಳುವಾಗ, ಅವನಿಗೆ ಏನು ಕಾಣಿಸ್ತಾ ಇತ್ತೋ ನಮಗೇನು ಗೊತ್ತು ಅಂತ ತಾವೇ ಅಂದರು.

ಅವರು ಮತ್ತೆ ಭಜನೆಗೆ ಹೋದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಬೀದಿಯಿಂದ ಮೈಕಿನ ಹಾಡು ಬರುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದು ಸದ್ದು. ನೀನು ಬರೆದಿದ್ದೆಯಲ್ಲ, ಸೊಳ್ಳೆ ಅಂತ. ಕೇಶವನ ಬಾಗಿಲು ಮುಚ್ಚಿತ್ತು. ಕಿವಿ ಇಟ್ಟೆ. ಅವರಪ್ಪ ಹಿಡಿದ ಶ್ರುತಿಗೇ ಇವನು ಒಳಗೆ ಮೆಲ್ಲಗೆ ನುಡಿಸುತ್ತಿದ್ದ. ಅವರು ಕೂರುವ ಜಾಗಕ್ಕೆ ಬಂದಾಗ ಇವನು ಪಕ್ಕದಲ್ಲಿ ನಿಲ್ಲುತ್ತಿದ್ದ. ತಂತಿ ಯಾವಾಗ ಹಾಕಿಕೊಂಡನೋ ನನಗೆ ಗೊತ್ತೇ ಆಗಿರಲಿಲ್ಲ. ಪಾತ್ರೆ ಉಜ್ಜುತ್ತಿದ್ದ ಬೂದಿ ಕೈಯಲ್ಲೇ ಬಾಗಿಲ ಹೊರಗೆ ಕೂತೆ. ಒಳಗಿನಿಂದ ತಟ್ಟುವವನು ಅಂತ ಬರೆದಿದ್ದನಲ್ಲ, ಅದು ನೆನಪಾಗಿ ಕೈ ತಡೆಯಲಿಲ್ಲ. ಬಾಗಿಲ ಮೇಲೆ ಬೆರಳಲ್ಲಿ ತಾಳ ಹಾಕಿದೆ. ಮೂರು, ನಾಲ್ಕು.

ನಿಲ್ಲಿಸಿಬಿಟ್ಟ. ಅಯ್ಯೋ ಕೆಡಿಸಿದೆ ಅಂದುಕೊಂಡೆ. ಆಮೇಲೆ ಮತ್ತೆ ಶುರು ಮಾಡಿದ.

ಬಾಗಿಲು ತೆಗೆಯಲಿಲ್ಲ. ಸುಳ್ಳು ಆಸೆ ನಿನಗೂ ಬೇಡ. ಆದರೆ ನಾನು ದಿನಾ ಮಧ್ಯಾಹ್ನ ಅಲ್ಲಿ ಕೂರುತ್ತೇನೆ, ಸೊಂಟ ನೋಯುವವರೆಗೆ.

ನಿನಗೆ ಒಳ್ಳೆಯದಾಗಲಿ,
ಶ್ಯಾಮಲಮ್ಮ


ಜಂಗಮಕೋಟೆ
19 ಜನವರಿ 2025

ಯಾಮಿನಿ,

ಅಮ್ಮನ ಹತ್ತಿರ ಇದ್ದ ಇನ್‌ಲ್ಯಾಂಡ್ ಕಾಗದದಲ್ಲೇ ಬರೀತಿದ್ದೀನಿ. ನೀವಿಬ್ಬರೂ ಬರೆದುಕೊಳ್ಳೋದು ನನಗೆ ಮೊದಲಿಂದ ಗೊತ್ತು. ಅಮ್ಮ ಹಾಲಿನ ಕ್ಯಾನಿನಲ್ಲಿ ಕಾಗದ ಬಚ್ಚಿಟ್ಟುಕೊಂಡು ಬರ್ತಿದ್ದರು, ಓದಿ ಅಕ್ಕಿ ಡ್ರಮ್ಮಿನ ಹಿಂದೆ ಇಡ್ತಿದ್ದರು, ಮನೆಯೆಲ್ಲ ಹುಳಿ ಹಾಲಿನ ವಾಸನೆ.

ಚೆನ್ನಾಗಿದ್ದೀನಿ ಅಂತ ಬರೆಯಲ್ಲ. ಕೆಲವು ದಿನ ಚೆನ್ನಾಗಿರ್ತೀನಿ. ಉಳಿದ ದಿನ ಮಾತ್ರೆ ನುಂಗಿ ಕಾಯ್ತೀನಿ. ಕೈ ಇನ್ನೂ ಭಾರ, ನಾಲ್ಕು ಸಾಲು ಬರೆಯೋಕೆ ಎರಡು ದಿನ ಆಯ್ತು. ನೀನು ಮದುವೆಗೆ ಹೂಂ ಅಂದೆಯಾ ಇಲ್ಲವಾ ಅಂತ ಅಮ್ಮ ಕೇಳ್ತಾರೆ. ನಾನು ಕೇಳಲ್ಲ. ಗಂಟಲು ಮಾತ್ರ ಕೆಡಿಸ್ಕೋಬೇಡ.

ಬಾಗಿಲು ಈಗ ತೆಗೆದೇ ಇರುತ್ತೆ. ಆದರೂ ಅಮ್ಮ ಹೊರಗಡೆಯೇ ಕೂತು ತಾಳ ಹಾಕ್ತಾರೆ. ಸಂತೋಷ ಜಾಸ್ತಿಯಾದರೆ ಏಳಕ್ಕೆ ಇನ್ನೊಂದು ಸೇರಿಸಿ ಎಂಟು ಮಾಡಿಬಿಡ್ತಾರೆ, ನನಗೆಲ್ಲ ತಪ್ಪಿ ಹೋಗುತ್ತೆ. ನಿನ್ನೆ ಹಾಗೆ ತಪ್ಪಿದ್ದಕ್ಕೆ ಸಿಟ್ಟು ಬಂದು ಜೋರಾಗಿ ಹೊಡೆದೆ. ನೀನು ಕಳಿಸಿದ್ದರಲ್ಲಿ ಆ ದಪ್ಪ ತಂತಿ ತುಂಡಾಯ್ತು.

ಒಂದು ಕಳಿಸು. ಬೇಡ, ಎರಡು ಕಳಿಸು.

ಕೇಶವ